ತುಳಸಿ ಎಂದ ಮಾತ್ರಕ್ಕೆ

ದಿಲ್ಲಿಯಲ್ಲಿ ದೀಪಾವಳಿ ಕಳೆದ ಮೇಲೆ ಎರಡು ವ್ಯಾಪಾರ ಕುದುರುತ್ತವೆ. ಒಂದು ಮುಖಕ್ಕೆ ಕಟ್ಟುವ ಮಾಸ್ಕಿನದು, ಇನ್ನೊಂದು ‘ಶ್ವಾಸಕೋಶ ತೊಳೆಯುವ’ ಮದ್ದಿನದು. ಮೊದಲನೆಯದರ ಬಗ್ಗೆ ನನ್ನ ತಕರಾರಿಲ್ಲ. ಎರಡನೆಯದರ ಹೊಸ ಅವತಾರವೊಂದು ಈಗ ಹಾಸ್ಟೆಲಿನ ಕೋಣೆಗಳಿಗೂ ಬಂದಿದೆ. ಪೆನ್ನಿನಂಥ ಕೊಳವೆ, ಒಳಗೆ ಬ್ಯಾಟರಿ, ಕಾಯುವ ತಂತಿ, ಒಂದಿಷ್ಟು ದ್ರವ. ನಿಕೋಟಿನ್ ಇಲ್ಲವಂತೆ. ತುಳಸಿ, ಪುದೀನ, ನೀಲಗಿರಿ, ಲ್ಯಾವೆಂಡರ್ ಎಣ್ಣೆ ಅಷ್ಟೇ ಅಂತೆ. ಎಳೆದರೆ ಕಫ ಕರಗುತ್ತದೆ, ನಿದ್ದೆ ಬರುತ್ತದೆ, ಪರೀಕ್ಷೆಯ ಹೆದರಿಕೆಯೂ ಹೋಗುತ್ತದಂತೆ! “ಸಿಗರೇಟ್ ಅಲ್ಲ ಕಣೋ, ಇದು ಔಷಧಿ” ಎಂದು ನಮ್ಮ ಹುಡುಗರೇ ವಾದಿಸುತ್ತಾರೆ. ಈ ‘ಔಷಧಿ’ ಅನ್ನುವ ಮಾತಿನ ಮೇಲೆಯೇ ನನ್ನ ಸಿಟ್ಟು.

ಸೇದುವವನನ್ನು ಬೈಯುವುದು ಸುಲಭ. ಆದರೆ ಗಿರಾಕಿಯನ್ನು ತಯಾರು ಮಾಡಿದ್ದು ಈ ಊರಿನ ಗಾಳಿ. 2024ರ ನವೆಂಬರ್ 18ರಂದು ದಿಲ್ಲಿಯ ವಾಯು ಸೂಚ್ಯಂಕ 494 ಮುಟ್ಟಿತು. ಆ ಅಳತೆಪಟ್ಟಿ ಮುಗಿಯುವುದೇ 500ಕ್ಕೆ. ಇಂಥ ಕಡೆ ಉಸಿರನ್ನೇ ಮಾರಬಹುದು ಅಂತ ವ್ಯಾಪಾರಿಗೆ ಹೊಳೆಯದೆ ಇರುತ್ತದೆಯೇ? 2019ರಲ್ಲಿ ಸಾಕೇತದ ಮಾಲ್ ಒಂದರಲ್ಲಿ ‘ಆಕ್ಸಿ ಪ್ಯೂರ್’ ಅನ್ನುವ ಆಮ್ಲಜನಕದ ಅಂಗಡಿಯೇ ತೆರೆಯಿತು. ನೀಲಗಿರಿ, ಲ್ಯಾವೆಂಡರ್ ಮುಂತಾದ ಪರಿಮಳ ಬೆರೆಸಿದ ಆಮ್ಲಜನಕ, 15 ನಿಮಿಷಕ್ಕೆ 299 ರೂಪಾಯಿಯಿಂದ ಶುರು. ನಾನು ಕಾಮರ್ಸಿನವ, ಲೆಕ್ಕ ಹಾಕದೆ ಇರಲಾಗಲಿಲ್ಲ: ಅದೇ ದರದಲ್ಲಿ ಒಂದು ದಿನ ಪೂರ್ತಿ ಉಸಿರಾಡಿದರೆ 28,704 ರೂಪಾಯಿ! ಆ ಅಂಗಡಿ ಪರಿಮಳವನ್ನಷ್ಟೇ ಸೇರಿಸುತ್ತಿತ್ತು. ಪೆನ್ನು ಎಣ್ಣೆಯನ್ನು ಕಾಯಿಸಿ ಒಳಗೆ ಕಳಿಸುತ್ತದೆ.

“ನಿಮ್ಮಜ್ಜಿ ನೀಲಗಿರಿ ಎಣ್ಣೆ ಹಾಕಿ ಹಬೆ ಹಿಡಿಸಲಿಲ್ಲವೇನೋ?” ಎಂದು ಕೇಳುತ್ತಾರೆ. ಹಿಡಿಸಿದ್ದಾಳೆ, ಕಂಬಳಿ ಹೊದಿಸಿ. ಆದರೆ ಪಾತ್ರೆಯ ನೀರು ನೂರು ಡಿಗ್ರಿ ದಾಟುವುದಿಲ್ಲ. ಆ ಹಬೆಯಲ್ಲಿರುವುದು ಬಹುಪಾಲು ನೀರೇ, ಎಣ್ಣೆ ಒಂದೆರಡು ತೊಟ್ಟು. ಪೆನ್ನಿನ ತಂತಿ ಇನ್ನೂರು ಡಿಗ್ರಿಯನ್ನೂ ಮೀರಿ ಕಾಯುತ್ತದೆ. ಎಣ್ಣೆಯ ಜೊತೆಗೆ ಹೊಗೆ ದಟ್ಟವಾಗಿ ಬರಲಿ ಎಂದು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್ ಬೆರೆಸಿರುತ್ತಾರೆ. ಇವು ಅತಿಯಾಗಿ ಕಾದರೆ ಒಡೆದು ಫಾರ್ಮಾಲ್ಡಿಹೈಡ್, ಅಕ್ರೋಲಿನ್ ಆಗುತ್ತವೆ. ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಸತ್ತ ಕಪ್ಪೆಯನ್ನು ಮುಳುಗಿಸಿಟ್ಟಿದ್ದ ಫಾರ್ಮಲಿನ್ ನೆನಪಿದೆಯಲ್ಲ, ಅದೇ ಮೊದಲನೆಯದು. ಬಾಣಲೆಯ ಎಣ್ಣೆ ಸೀದಾಗ ಕಣ್ಣುರಿಸುವುದು ಎರಡನೆಯದು. ಇದನ್ನು ಅಜ್ಜಿಯ ಲೆಕ್ಕಕ್ಕೆ ಬರೆಯಬೇಡಿ.

ತಿನ್ನಲು ಒಳ್ಳೆಯದಾದದ್ದು ಉಸಿರಿಗೂ ಒಳ್ಳೆಯದು ಅನ್ನುವ ನಂಬಿಕೆಯೇ ಇಲ್ಲಿಯ ಮೂಲ ಎಡವಟ್ಟು. ಹೊಟ್ಟೆಗೆ ಬಿದ್ದದ್ದನ್ನು ಅರಗಿಸಲು ಆಮ್ಲವಿದೆ, ಪಿತ್ತವಿದೆ, ಲಿವರ್ ಇದೆ. ಶ್ವಾಸಕೋಶಕ್ಕೆ ಏನಿದೆ? ಎಣ್ಣೆ ಹೋಗಿ ಕೂತರೆ ನ್ಯುಮೋನಿಯಾ ಆಗುವುದುಂಟು. ವಿಟಮಿನ್ ಇ ಮಾತ್ರೆಯಲ್ಲೂ ಇದೆ, ಮುಖಕ್ಕೆ ಹಚ್ಚುವ ಕ್ರೀಮಿನಲ್ಲೂ ಇದೆ. ಅದರ ಅಸಿಟೇಟ್ ರೂಪವನ್ನು ಅಮೆರಿಕದಲ್ಲಿ ಪೆನ್ನಿನ ದ್ರವಕ್ಕೆ ಬೆರೆಸಿದರು. 2019ರಲ್ಲಿ ಅಲ್ಲಿ ಕಾಣಿಸಿಕೊಂಡ ಶ್ವಾಸಕೋಶದ ಕಾಯಿಲೆಗೆ 2020ರ ಫೆಬ್ರವರಿಯ ಹೊತ್ತಿಗೆ 2,807 ಮಂದಿ ಆಸ್ಪತ್ರೆ ಸೇರಿದ್ದರು ಇಲ್ಲವೇ ಸತ್ತಿದ್ದರು; ಸತ್ತವರು 68. ಮುಖ್ಯ ಅಪರಾಧಿ ಎಂದು ಸಿಕ್ಕಿದ್ದು ಆ ವಿಟಮಿನ್ನೇ. ಅವರಲ್ಲಿ ಬಹಳ ಮಂದಿ ಸೇದಿದ್ದು ಗಾಂಜಾದ ಸತ್ವ, ತುಳಸಿಯಲ್ಲ, ಒಪ್ಪುತ್ತೇನೆ. ಆದರೆ ನಮ್ಮ ‘ತುಳಸಿ’ ಪೆನ್ನಿನೊಳಗೆ ಏನು ಬೆರೆತಿದೆ ಎಂದು ಪರೀಕ್ಷೆ ಮಾಡಿದವರು ಯಾರು?

ಇನ್ನು ಆಯುರ್ವೇದದ ಹೆಸರು. ಚರಕಸಂಹಿತೆಯಲ್ಲಿ ಧೂಮಪಾನ ಇದೆ, ಸುಳ್ಳಲ್ಲ. ಮೂಲಿಕೆ ಅರೆದು ಬತ್ತಿ ಮಾಡಿ ಸೇದುವ ಚಿಕಿತ್ಸೆ. ಆದರೆ ಅದಕ್ಕೆ ಎಂಟು ಹೊತ್ತುಗಳನ್ನು ಗೊತ್ತು ಮಾಡಿದ್ದಾರೆ, ಕೊಳವೆ ಎಷ್ಟು ಅಂಗುಲ ಉದ್ದವಿರಬೇಕು ಎಂದು ಹೇಳಿದ್ದಾರೆ, ಯಾರಿಗೆ ಕೂಡದು ಎಂಬ ಪಟ್ಟಿ ಕೊಟ್ಟಿದ್ದಾರೆ. ಹೊತ್ತು ತಪ್ಪಿ, ಅತಿಯಾಗಿ ಸೇದಿದರೆ ಕಿವುಡು, ಕುರುಡು, ಮೂಕತನ, ರಕ್ತಸ್ರಾವ, ತಲೆಸುತ್ತು ಬರುತ್ತವೆ ಎಂದೂ ಅಲ್ಲೇ ಇದೆ. ಹದಿನೆಂಟು ತುಂಬದವರಿಗೆ ಧೂಮ ಬೇಡ ಎಂದು ವಾಗ್ಭಟ. ಮಾರುವವನು ಚರಕನ ಹೆಸರನ್ನಷ್ಟೇ ಇಟ್ಟುಕೊಂಡು ಈ ಷರತ್ತುಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿದ್ದಾನೆ.

ಕಾನೂನಿನ ಮಾತೂ ಇದೆ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತು. 2019ರಲ್ಲಿ ಇಡೀ ದೇಶಕ್ಕೆ ಕಾಯಿದೆ ಬಂತು. “ಇದರಲ್ಲಿ ನಿಕೋಟಿನ್ ಇಲ್ಲವಲ್ಲ” ಅನ್ನುವವರು ಆ ಕಾಯಿದೆಯ ವ್ಯಾಖ್ಯೆಯನ್ನು ಓದಬೇಕು: ನಿಕೋಟಿನ್ ಇರಲಿ ಇಲ್ಲದಿರಲಿ, ವಸ್ತುವನ್ನು ಕಾಯಿಸಿ ಸೇದಲು ಆವಿ ಮಾಡುವ ವಿದ್ಯುತ್ ಸಾಧನವೆಲ್ಲ ಅದರೊಳಗೆ ಬಂತು. ಮಾರಿದವನಿಗೆ ಮೊದಲ ಸಲಕ್ಕೆ ಒಂದು ವರ್ಷದ ತನಕ ಜೈಲು, ಇಲ್ಲವೇ ಒಂದು ಲಕ್ಷದ ತನಕ ದಂಡ, ಅಥವಾ ಎರಡೂ. ಸೇದಿದವನಿಗೆ ಶಿಕ್ಷೆ ಹೇಳಿಲ್ಲ. ಹಾಗಂತ ಅವನು ಗೆದ್ದ ಅಂದುಕೊಳ್ಳಬೇಡಿ. ಕದ್ದು ಮಾರುವ ಸರಕಿಗೆ ಯಾರು ಬಿಲ್ಲು ಕೊಡುತ್ತಾರೆ? ಮೂಲೆ ಅಂಗಡಿಯ ಚ್ಯವನಪ್ರಾಶದ ಡಬ್ಬಿಯ ಮೇಲೂ ತಯಾರಕನ ಲೈಸೆನ್ಸ್ ನಂಬರ್ ಇರುತ್ತದೆ. ಈ ‘ಔಷಧಿ’ಗೆ ಅದೂ ಇಲ್ಲ. ನಾಳೆ ಎದೆ ಹಿಡಿದುಕೊಂಡರೆ ಯಾರ ಮೇಲೆ ದಾವೆ ಹೂಡುತ್ತೀರಿ? ಉದ್ದೇಶವೇ ಕಾನೂನುಬಾಹಿರವಾದ ಕರಾರು ಕರಾರೇ ಅಲ್ಲ ಎಂದು 1872ರ ಕರಾರು ಕಾಯಿದೆಯ 23ನೇ ಕಲಮಿನಲ್ಲಿದೆ. ಮೊದಲ ವರ್ಷದ ಬಿ.ಕಾಂ. ಹುಡುಗರೂ ಬಾಯಿಪಾಠ ಮಾಡುವ ಕಲಮು.

ನಮ್ಮ ಸಂಘಕ್ಕೆ ಒಂದು ಸಲಹೆ. ಉತ್ತರ ಕ್ಯಾಂಪಸ್ಸಿನಲ್ಲೇ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆ ಇದೆ. ಅಲ್ಲಿಯ ಒಬ್ಬ ಡಾಕ್ಟರನ್ನು ಒಂದು ಶನಿವಾರ ಕರೆಸೋಣ. ಪೆನ್ನು ಇಟ್ಟುಕೊಂಡವರು ಅದನ್ನು ತೆಗೆದುಕೊಂಡೇ ಬನ್ನಿ, ಯಾರೂ ಹೆಸರು ಬರೆದುಕೊಳ್ಳುವುದಿಲ್ಲ. ಮೇಲಿನ ಚೀಟಿಯನ್ನು ಅವರ ಕೈಯಲ್ಲೇ ಓದಿಸೋಣ. ಅದಕ್ಕಾಗಿ ಕವಿಗೋಷ್ಠಿ ಮುಂದಿನ ತಿಂಗಳಿಗೆ ಹೋಗುವುದಾದರೆ ಹೋಗಲಿ.