ಏಳು ಅಂಕದ ಲೆಕ್ಕ

ಮಕ್ಕಳೇ, ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ! ನಾಲ್ಕು ಯತ್ನದೊಳಗೆ 10 ಗಜ ಮುಂದೆ ಸಾಗಬೇಕು. ಅಯೋವಾ ವಿಶ್ವವಿದ್ಯಾಲಯದ ತಂಡಕ್ಕೆ ಅದೇ ಕಷ್ಟ.

2022ರ ಸೆಪ್ಟೆಂಬರ್ 3ರಂದು ಅಲ್ಲಿ ಓದುವ ಮೊಮ್ಮಗ ನನ್ನನ್ನು ಕಿನಿಕ್ ಕ್ರೀಡಾಂಗಣಕ್ಕೆ ಕರೆದೊಯ್ದ. "ಇವರನ್ನು ಯಾಕಾದರೂ ನಂಬ್ತೀನೋ ಅಜ್ಜಾ!" ಎಂದು ಹಣೆ ಚಚ್ಚಿಕೊಂಡ.

ಕಾಲು ಭಾಗ ಆಟ ಮುಗಿದಾಗ ಎಲ್ಲರೂ ಎದ್ದು, ಪಕ್ಕದ ಮಕ್ಕಳ ಆಸ್ಪತ್ರೆಯ ಕಿಟಕಿಗಳತ್ತ ಕೈಬೀಸಿದರು. 2017ರಿಂದ ಇದು ಅಲ್ಲಿನ ರೂಢಿ. ಮೊಮ್ಮಗನೂ ಗೊಣಗುವುದು ಬಿಟ್ಟು ಕೈಬೀಸಿದ.

ಆರು ಅಂಕದ ಟಚ್‌ಡೌನ್ ಒಂದೂ ಬರಲಿಲ್ಲ. ಕಂಬಗಳ ನಡುವೆ ಒದ್ದದ್ದಕ್ಕೆ ಮೂರು; ಎದುರಾಳಿ ತನ್ನದೇ ತುದಿಯಲ್ಲಿ ಎರಡು ಸಲ ಸಿಕ್ಕಿಬಿದ್ದದ್ದಕ್ಕೆ ಎರಡೆರಡು. 7–3ರಿಂದ ಗೆದ್ದರು!

"ಮುಂದಿನ ವಾರ ಬರ್ತೀಯೇನೋ?"

"ಬರದೆ? ಕಿಟಕೀಲಿ ಆ ಮಕ್ಕಳು ಕಾಯ್ತಿರ್ತಾರಲ್ಲ, ಅಜ್ಜಾ."