ಗಿಡ್ಡ ಸೈಕಲ್ಲೋ, ನೀಳ ಸೈಕಲ್ಲೋ?

ನನ್ನಲ್ಲಿ ಗಣಿತ, ವಿಜ್ಞಾನಗಳನ್ನು ಕಲಿತ ಶಿಷ್ಯನೊಬ್ಬ ಕಳೆದ ತಿಂಗಳು ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿದ್ದಾನೆ. ಅವನಿಗೀಗ ಐವತ್ತೆರಡು ವರ್ಷ. ರಜಾದಿನಗಳಲ್ಲಿ ಮಲೆನಾಡಿನ ಜೀಪುದಾರಿಗಳಲ್ಲಿ ಸೈಕಲ್ ತುಳಿಯುವುದು ಅವನ ಹವ್ಯಾಸ. ಎರಡು ವರ್ಷಗಳ ಹಿಂದೆ ಇಳಿಜಾರೊಂದರಲ್ಲಿ ಹ್ಯಾಂಡಲಿನ ಮೇಲಿಂದ ಮುಂದಕ್ಕೆ ಎಸೆಯಲ್ಪಟ್ಟು ಕಾಲರ್‌ಬೋನ್ ಮುರಿದುಕೊಂಡ. ಸೈಕಲ್ಲಿನ ಸಹವಾಸವೇ ಬೇಡವೆಂದು ಮನೆಯವರು ಪಟ್ಟು ಹಿಡಿದಿದ್ದಾರೆ. ಬಿಡಲು ಅವನಿಗೆ ಮನಸ್ಸಿಲ್ಲ. ಸಸ್ಪೆನ್ಷನ್ ಇಲ್ಲದ, ಗಟ್ಟಿ ಫೋರ್ಕಿನ, ಕೆಡುವ ಭಾಗಗಳು ಕಡಿಮೆಯಿರುವ ಮೌಂಟನ್ ಬೈಕ್ ಒಂದನ್ನು ತರಿಸಿಕೊಂಡು ಬದುಕಿರುವಷ್ಟು ಕಾಲ ಅದೊಂದನ್ನೇ ತುಳಿಯುತ್ತೇನೆ ಎನ್ನುತ್ತಾನೆ. ತೊಡಕು ಇರುವುದು ಮುಂದೆ. ಅದೇ ಸೈಕಲ್ಲು ಗಿಡ್ಡ ವೀಲ್‌ಬೇಸಿನಲ್ಲಿಯೂ ದೊರೆಯುತ್ತದೆ, ನೀಳ ವೀಲ್‌ಬೇಸಿನಲ್ಲಿಯೂ ದೊರೆಯುತ್ತದೆ. "ನೀಳದ್ದರಲ್ಲಿ ಕುಳಿತರೆ ಹಾಸಿಗೆಯ ಮೇಲೆ ಕುಳಿತಂತೆ ಎಂದು ಅಂತರ್ಜಾಲದಲ್ಲಿ ಎಲ್ಲರೂ ಹೇಳುತ್ತಾರೆ, ನಿಜವೇ ಸಾರ್?" ಎಂಬುದು ಅವನ ಪ್ರಶ್ನೆ.

ನೀಳದ್ದನ್ನೇ ಕೊಳ್ಳು ಎಂಬುದು ನನ್ನ ಉತ್ತರ. ಆದರೆ ಅವನು ಕೊಡುತ್ತಿರುವ ಕಾರಣ ಸರಿಯಲ್ಲ. ಉತ್ತರ ಸರಿಯಿದ್ದು ವಿಧಾನ ತಪ್ಪಿದ್ದರೆ ಪೂರ್ಣಾಂಕ ಕೊಡುವ ಅಭ್ಯಾಸ ನನಗೆ ಅಂದೂ ಇರಲಿಲ್ಲ. ಹಾಗಾಗಿ ಇಷ್ಟು ವಿಸ್ತಾರವಾಗಿ ಬರೆಯುತ್ತಿದ್ದೇನೆ. ಬಂಧುಗಳಲ್ಲಿ ಕೆಲವರು 'ಬೈಕ್' ಎಂಬ ಪದ ಕಂಡು ಮೇಷ್ಟರು ಈ ವಯಸ್ಸಿನಲ್ಲಿ ಮೋಟಾರು ಸೈಕಲ್ಲಿನ ಗೊಡವೆಗೆ ಹೋದರೇಕೆ ಎಂದು ಗಾಬರಿಯಾಗುವುದು ಬೇಡ. ಪಾಶ್ಚಾತ್ಯರು ತುಳಿಯುವ ಸೈಕಲ್ಲನ್ನೂ ಹಾಗೆಯೇ ಕರೆಯುತ್ತಾರೆ.

ಮುಂದಿನ ಗಾಲಿಯ ಅಚ್ಚಿನಿಂದ ಹಿಂದಿನ ಗಾಲಿಯ ಅಚ್ಚಿಗೆ ಇರುವ ಅಂತರವೇ ವೀಲ್‌ಬೇಸ್. ಇದನ್ನು ಒಂದೇ ಸಂಖ್ಯೆಯಾಗಿ ಹೇಳುವುದು ರೂಢಿ. ವಾಸ್ತವವಾಗಿ ಅದು ಎರಡು ಸಂಖ್ಯೆಗಳ ಮೊತ್ತ. ಪೆಡಲಿನ ಅಚ್ಚಿನಿಂದ ಹಿಂದಿನ ಗಾಲಿಗಿರುವ ದೂರ ಒಂದು, ಮುಂದಿನ ಗಾಲಿಗಿರುವ ದೂರ ಇನ್ನೊಂದು. ಸವಾರ ಪೆಡಲಿನ ಮೇಲೆ ನಿಲ್ಲುವವನಾದ್ದರಿಂದ ಈ ಎರಡೂ ಬೇರೆ ಬೇರೆ ಕೆಲಸ ಮಾಡುತ್ತವೆ. ಸೈಕಲ್ಲು ಎಷ್ಟು ನೀಳ ಎಂದು ಕೇಳುವವನು ಎಲ್ಲಿ ನೀಳ ಎಂಬುದನ್ನೂ ಕೇಳಬೇಕು.

ಈ ಜಾತಿಯ ಸೈಕಲ್ಲಿನ ಚರಿತ್ರೆಯೇ ಈ ಪ್ರಶ್ನೆಯ ಸುತ್ತ ಸುತ್ತಿಕೊಂಡಿದೆ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1970ರ ದಶಕದಲ್ಲಿ ಕೆಲವು ತರುಣರು 1930-40ರ ಕಾಲದ ಶ್ವಿನ್ ಎಕ್ಸೆಲ್ಸಿಯರ್ ಎಂಬ ಭಾರವಾದ ಹಳೆಯ ಸೈಕಲ್ಲುಗಳನ್ನು ಗುಜರಿಯಿಂದ ಎತ್ತಿ ತಂದು ಬೆಟ್ಟದಿಂದ ಕೆಳಕ್ಕೆ ಓಡಿಸುತ್ತಿದ್ದರು. 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಊರಿನ ಬಳಿ ಮೊದಲ ಪಂದ್ಯ ನಡೆಯಿತು. ಎರಡು ಮೈಲಿಗಿಂತ ತುಸು ಹೆಚ್ಚಿನ ದಾರಿ, 1,300 ಅಡಿಗಳ ಇಳಿತ. ಪೆಡಲನ್ನು ಹಿಂದಕ್ಕೆ ತುಳಿದು ಹಿಡಿಯುವ ಬ್ರೇಕು ಕೆಳಗಿಳಿಯುವಷ್ಟರಲ್ಲಿ ಕಾದು, ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತಂತೆ. ಪ್ರತಿ ಇಳಿತದ ನಂತರ ಗ್ರೀಸನ್ನು ಮತ್ತೆ ತುಂಬಬೇಕಾಗಿದ್ದುದರಿಂದಲೇ ಆ ದಾರಿಗೆ 'ರೀಪ್ಯಾಕ್' ಎಂಬ ಹೆಸರು ಬಂತು. ಈ ಹಳೆಯ ಶ್ವಿನ್ನುಗಳು ಬಹಳ ನೀಳವಾಗಿದ್ದವು. ಫೋರ್ಕು ಮುಂದಕ್ಕೆ ಚಾಚಿಕೊಂಡಿತ್ತು. ಬೆಟ್ಟಕ್ಕೆಂದು ಯಾರೂ ಅವನ್ನು ಹಾಗೆ ರೂಪಿಸಿರಲಿಲ್ಲ. ಆದರೂ ಇಳಿಜಾರಿನಲ್ಲಿ ಅವು ಸ್ಥಿರವಾಗಿ ಓಡಿದವು. 1977ರಲ್ಲಿ ಜೋ ಬ್ರೀಜ್ ಇದೇ ಕೆಲಸಕ್ಕೆಂದು ಹೊಸ ಫ್ರೇಮನ್ನು ಕಟ್ಟಿದಾಗ ಅದೇ ಹಳೆಯ ಸೈಕಲ್ಲಿನ ಅಳತೆಗಳನ್ನು ಆಧಾರವಾಗಿಟ್ಟುಕೊಂಡ.

ನಂತರ ಸ್ಪರ್ಧೆಗಳು ಹೆಚ್ಚಿದವು, ಏರು ಹತ್ತುವ ವೇಗಕ್ಕೆ ಬೆಲೆ ಬಂತು, ಸೈಕಲ್ಲುಗಳು ಗಿಡ್ಡವಾಗತೊಡಗಿದವು. 1990ರ ಸುಮಾರಿಗೆ ಹಿಂಭಾಗ ಮೊಟಕಾಗಿ, ಮುಂಭಾಗ ನೆಟ್ಟಗಾಗಿ, ಹ್ಯಾಂಡಲನ್ನು ಹಿಡಿದಿಡುವ ಸ್ಟೆಮ್ ಮಾತ್ರ 13-14 ಸೆಂಟಿಮೀಟರ್ ಮುಂದಕ್ಕೆ ಚಾಚಿತು. ಸವಾರನ ಭಾರ ಮುಂಗಾಲಿಯ ಮೇಲೆಯೇ ಬೀಳುವಂಥ ಏರ್ಪಾಡು. ರೀಪ್ಯಾಕ್ ದಾರಿಯನ್ನು 4 ನಿಮಿಷ 22 ಸೆಕೆಂಡುಗಳಲ್ಲಿ ಇಳಿದು ದಾಖಲೆ ಮಾಡಿದ್ದ ಗ್ಯಾರಿ ಫಿಷರನ ಹೆಸರಿನ ಕಂಪನಿಯೇ 1998ರ ಹೊತ್ತಿಗೆ ಸ್ಟೆಮ್ಮನ್ನು ಗಿಡ್ಡ ಮಾಡಿ ಮುಂಭಾಗವನ್ನು ಮತ್ತೆ ನೀಳ ಮಾಡಿತು. ಕಳೆದ ಹದಿನೈದು ವರ್ಷಗಳಲ್ಲಿ ಇಡೀ ಉದ್ಯಮ ಅದೇ ದಿಕ್ಕಿನಲ್ಲಿ ಸಾಗಿದೆ. ಸಸ್ಪೆನ್ಷನ್ ಬೇಡವೆನ್ನುವ ತಯಾರಕರ ಪೈಕಿ ಅಮೆರಿಕದ ಆರಿಗನ್ ರಾಜ್ಯದ ಜೆಫ್ ಜೋನ್ಸ್, ತನ್ನ ಗಟ್ಟಿ ಫೋರ್ಕಿನ ಸೈಕಲ್ಲನ್ನು ಗಿಡ್ಡ, ನೀಳ ಎಂಬ ಎರಡು ರೂಪಗಳಲ್ಲಿ ಮಾರುವವನು. ನನ್ನ ಶಿಷ್ಯನ ತಲೆಬಿಸಿಗೆ ಮೂಲವೂ ಅದೇ ಎಂದು ನನ್ನ ಊಹೆ.

ಇಷ್ಟು ದೂರ ಹೋಗುವುದೇಕೆ? ನಮ್ಮ ಊರುಗಳಲ್ಲಿ ಹಾಲಿನ ಕ್ಯಾನುಗಳನ್ನೂ ಗ್ಯಾಸ್ ಸಿಲಿಂಡರನ್ನೂ ಹೊತ್ತು ತಿರುಗಿದ 28 ಅಂಗುಲದ ಕಪ್ಪು ಸೈಕಲ್ಲನ್ನು ಸ್ಮರಿಸಿಕೊಳ್ಳಿ. ಸರಳು ಬ್ರೇಕು, ಮುಂದಕ್ಕೆ ಬಾಗಿದ ಫೋರ್ಕು, ಸ್ಪ್ರಿಂಗು ಜೋಡಿಸಿದ ಚರ್ಮದ ಸೀಟು, ಉದ್ದನೆಯ ದೇಹ. ಟಾರು ಕಾಣದ ರಸ್ತೆಗಳಲ್ಲಿ ಅದು ನಾಲ್ಕೈದು ದಶಕಗಳ ಕಾಲ ಓಡಾಡಿತು. ಅದನ್ನು ನೆನೆಯುವವರೆಲ್ಲ "ಎಂಥ ಸುಖವಾದ ಸವಾರಿ!" ಎನ್ನುತ್ತಾರೆ. ಆ ಸುಖದಲ್ಲಿ ಸ್ಪ್ರಿಂಗು ಸೀಟಿನ ಪಾಲೆಷ್ಟು, ಉದ್ದದ ಪಾಲೆಷ್ಟು ಎಂದು ಲೆಕ್ಕ ಹಾಕಿದವರು ಕಡಿಮೆ.

ಲೆಕ್ಕ ಹಾಕೋಣ. ಹತ್ತನೆಯ ತರಗತಿಯ ಸಮರೂಪ ತ್ರಿಭುಜಗಳಷ್ಟೇ ಸಾಕು. ಗಿಡ್ಡ ಸೈಕಲ್ಲಿನ ವೀಲ್‌ಬೇಸ್ 107 ಸೆಂ.ಮೀ., ನೀಳದ್ದು 115 ಸೆಂ.ಮೀ. ಇರಲಿ, ಹೆಚ್ಚಿನ 8ರಲ್ಲಿ 4 ಹಿಂದೆ, 4 ಮುಂದೆ. ಸೀಟು ಹಿಂಗಾಲಿಯ ಅಚ್ಚಿಗಿಂತ ಗಿಡ್ಡದರಲ್ಲಿ 22.5 ಸೆಂ.ಮೀ., ನೀಳದರಲ್ಲಿ 26.5 ಸೆಂ.ಮೀ. ಮುಂದಿದೆ ಎನ್ನೋಣ. ಹಿಂಗಾಲಿ 5 ಸೆಂ.ಮೀ. ಎತ್ತರದ ಕಲ್ಲನ್ನು ಏರಿದಾಗ ಸೀಟು ಎಷ್ಟು ಮೇಲೇಳುತ್ತದೆ? ಗಿಡ್ಡದರಲ್ಲಿ 3.95 ಸೆಂ.ಮೀ., ನೀಳದರಲ್ಲಿ 3.85. ವ್ಯತ್ಯಾಸ ಒಂದೇ ಒಂದು ಮಿಲಿಮೀಟರ್! ಮುಂಗಾಲಿ ಅದೇ ಕಲ್ಲನ್ನು ಏರುವಾಗಲಂತೂ ನೀಳ ಸೈಕಲ್ಲಿನ ಸೀಟೇ ಒಂದು ಮಿಲಿಮೀಟರ್ ಹೆಚ್ಚು ಏಳುತ್ತದೆ. ಹಾಸಿಗೆಯ ಕಥೆ ಅಲ್ಲಿಗೆ ಮುಗಿಯಿತು. ಸವಾರ ಸೀಟಿನಿಂದ ಎದ್ದು ಪೆಡಲಿನ ಮೇಲೆ ನಿಂತರೆ, ಹಿಂಗಾಲಿಯ ಅದೇ ಕಲ್ಲು ಅವನ ಪಾದವನ್ನು ಎತ್ತುವುದು ಸುಮಾರು 2.95 ಸೆಂ.ಮೀ. ಮಾತ್ರ. ಅಂದರೆ ಎದ್ದು ನಿಂತ ಮಾತ್ರಕ್ಕೆ ದೊರೆತ ಲಾಭ ಒಂದು ಸೆಂಟಿಮೀಟರ್. 8 ಸೆಂಟಿಮೀಟರ್ ಉದ್ದಕ್ಕೆ ಹಣ ತೆತ್ತು ಪಡೆದದ್ದರ ಹತ್ತು ಪಟ್ಟು. ಮೊಣಕಾಲು ಬಗ್ಗಿ ಆಘಾತವನ್ನು ನುಂಗುವುದು ಅದರ ಮೇಲಿನ ಲಾಭ.

ಸಸ್ಪೆನ್ಷನ್ ಇಲ್ಲದ ಸೈಕಲ್ಲಿನಲ್ಲಿ ಸುಖ ಕೊಡುವುದು ಟಯರು. ಎರಡೂವರೆಯಿಂದ ಮೂರು ಅಂಗುಲ ಅಗಲದ ಟಯರು, ಅದರೊಳಗೆ ಮಿತವಾದ ಗಾಳಿ. ಪಂಪು ಸಿಕ್ಕಿತೆಂದು ಟಯರು ಕಲ್ಲಾಗುವ ತನಕ ಒತ್ತುವುದು ನಮ್ಮವರ ಹಳೆಯ ಚಾಳಿ. ಅಗಲ ಟಯರಿನಲ್ಲಿ ಹಾಗೆ ಮಾಡುವುದಾದರೆ ಅದನ್ನು ಕೊಳ್ಳುವ ಅಗತ್ಯವೇ ಇಲ್ಲ.

ಹಾಗಾದರೆ ನೀಳದ್ದನ್ನೇ ಕೊಳ್ಳೆಂದು ಏಕೆ ಹೇಳುತ್ತೇನೆ? ಇಳಿಜಾರಿಗಾಗಿ. ಪೆಡಲಿನ ಮೇಲೆ ನಿಂತ ಸವಾರನ ಭಾರಕೇಂದ್ರ ನೆಲದಿಂದ ಸುಮಾರು 110 ಸೆಂ.ಮೀ. ಎತ್ತರದಲ್ಲಿದೆ, ಗಿಡ್ಡ ಸೈಕಲ್ಲಿನಲ್ಲಿ ಮುಂಗಾಲಿಯ ಅಚ್ಚಿಗಿಂತ 64 ಸೆಂ.ಮೀ. ಹಿಂದಿದೆ, ನೀಳದ್ದರಲ್ಲಿ 68 ಸೆಂ.ಮೀ. ಹಿಂದಿದೆ ಎಂದಿಟ್ಟುಕೊಳ್ಳಿ. ನೂರಕ್ಕೆ ಇಪ್ಪತ್ತರ ಇಳಿಜಾರಿನಲ್ಲಿ ಆ ಭಾರ 22 ಸೆಂ.ಮೀ. ಮುಂದೆ ಸರಿದಂತೆ. ಉಳಿಯುವುದು ಗಿಡ್ಡದರಲ್ಲಿ 42, ನೀಳದರಲ್ಲಿ 46. ಮುಂಬ್ರೇಕು ಹಿಡಿದಾಗ ಹಿಂಗಾಲಿ ಮೇಲೇಳದಂತೆ ತಡೆಯುವ ಬಂಡವಾಳ ಇದಿಷ್ಟೇ. ನೀಳದರಲ್ಲಿ ಅದು ಹತ್ತಿರ ಹತ್ತಿರ ಶೇಕಡಾ ಹತ್ತರಷ್ಟು ಹೆಚ್ಚು. ಮೈಯನ್ನು 4 ಸೆಂ.ಮೀ. ಹಿಂದಕ್ಕೆ ಸರಿಸಿದರೆ ಗಿಡ್ಡದರಲ್ಲಿಯೂ ಅಷ್ಟೇ ಲಾಭ ದೊರೆಯುತ್ತದಲ್ಲ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ದೊರೆಯುತ್ತದೆ, ನೆನಪಿದ್ದರೆ. ಮಳೆಗಾಲ ಮುಗಿದ ಹೊಸತರಲ್ಲಿ, ಪಾಚಿ ಇನ್ನೂ ಆರದ ಜಂಬಿಟ್ಟಿಗೆಯ ದಾರಿಯಲ್ಲಿ, ತಿರುವಿನಾಚೆ ದನವೊಂದು ಅಡ್ಡ ನಿಂತಿರುವುದನ್ನು ಕಂಡಾಗ ಐವತ್ತೆರಡು ವರ್ಷದ ಮೈ ಹಿಂದೆ ಸರಿಯುವುದಿಲ್ಲ. ಬೆರಳುಗಳು ಮಾತ್ರ ಬ್ರೇಕನ್ನು ಹಿಸುಕುತ್ತವೆ. ಫ್ರೇಮಿನ ಉದ್ದಕ್ಕೆ ಈ ದಿಗಿಲು ತಟ್ಟದು. ಒಮ್ಮೆ ಹ್ಯಾಂಡಲಿನ ಮೇಲಿಂದ ಬಿದ್ದವನಿಗೆ ಆ ನಾಲ್ಕು ಸೆಂಟಿಮೀಟರಿನ ಬೆಲೆ ನನಗಿಂತ ಚೆನ್ನಾಗಿ ಗೊತ್ತು.

ಏರಿನಲ್ಲಿಯೂ ಇದೇ ಲೆಕ್ಕ ತಿರುಗಿ ಬರುತ್ತದೆ. ಭಾರಕೇಂದ್ರ ಹಿಂಗಾಲಿಯ ಅಚ್ಚಿಗಿಂತ 43 ಸೆಂ.ಮೀ. ಮುಂದಿದ್ದರೆ ನೂರಕ್ಕೆ 39ರ ಏರಿನಲ್ಲಿ ಮುಂಗಾಲಿ ನೆಲ ಬಿಡುತ್ತದೆ. 47 ಇದ್ದರೆ ನೂರಕ್ಕೆ 43ರವರೆಗೆ ತಾಳುತ್ತದೆ. ತುಳಿತದ ಜಗ್ಗು ಸೇರಿದಾಗ ಎರಡೂ ಇದಕ್ಕಿಂತ ಮೊದಲೇ ಎತ್ತಿಕೊಳ್ಳುತ್ತವೆಯಾದರೂ ಅನುಕೂಲ ಯಾವುದಕ್ಕೆ ಎಂಬುದು ಬದಲಾಗದು. ಕ್ಯಾರಿಯರಿಗೆ ಚೀಲ ಕಟ್ಟಿಕೊಂಡು ಎರಡು ದಿನ ತಿರುಗುವ ಮನಸ್ಸಿದ್ದರಂತೂ ಹಿಂಭಾಗ ನೀಳವಾಗಿರಲೇಬೇಕು. ಇಲ್ಲವಾದರೆ ಪ್ರತಿ ತುಳಿತಕ್ಕೂ ಹಿಮ್ಮಡಿ ಚೀಲಕ್ಕೆ ಬಡಿಯುತ್ತದೆ. ಹಿಮ್ಮಡಿಗೆ ಜಾಗ ಮಾಡಲೆಂದು ಚೀಲವನ್ನು ಹಿಂದೆ ತಳ್ಳಿದರೆ ಭಾರ ಅಚ್ಚಿನಾಚೆಗೆ ಹೋಗಿ ಸೈಕಲ್ಲು ಬಾಲ ಆಡಿಸುತ್ತದೆ.

ಗಿಡ್ಡದ್ದು ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ತಂಗಿಯ ಮಗಳೂ ಇದೇ ಬಗೆಯ ಸೈಕಲ್ಲನ್ನು ನೋಡುತ್ತಿದ್ದಾಳೆ. ಅವಳಿಗೆ ಗಿಡ್ಡದ್ದನ್ನೇ ಕೊಳ್ಳಮ್ಮ ಎಂದು ಬರೆದಿದ್ದೇನೆ. ಅವಳ ಎತ್ತರ ಐದು ಅಡಿಗೆ ಒಂದು ಅಂಗುಲ ಕಡಿಮೆ, ಹೊರುವ ಸಾಮಾನು ಒಂದು ನೀರಿನ ಬಾಟಲಿ, ತುಳಿಯುವುದು ಮರಗಳ ನಡುವೆ ಸುತ್ತಿ ಸುಳಿಯುವ ಕಿರುದಾರಿ. ತಿರುಗಲು ಬೇಕಾದ ಜಾಗ ವೀಲ್‌ಬೇಸಿನ ಅನುಪಾತದಲ್ಲಿಯೇ ಹೆಚ್ಚುತ್ತದೆ. ಹ್ಯಾಂಡಲನ್ನು ಅಷ್ಟೇ ತಿರುಗಿಸಿದರೆ ನೀಳ ಸೈಕಲ್ಲಿಗೆ ಶೇಕಡಾ ಏಳೂವರೆಯಷ್ಟು ಹೆಚ್ಚು ಅಗಲ ಬೇಕು. ಜೀಪು ತಿರುಗುವ ಕಡೆ ಇದು ಲೆಕ್ಕಕ್ಕಿಲ್ಲ. ಕಾಲುದಾರಿಯಲ್ಲಿ ಪ್ರತಿ ತಿರುವಿಗೂ ಇದೆ. ಅಡಕೆ ತೋಟದ ಸಂಕದ ಮೇಲೆ ಸೈಕಲ್ಲನ್ನು ತಳ್ಳಿಕೊಂಡು ದಾಟಿ, ಉಣುಗೋಲಿನ ಮೇಲೆ ಎತ್ತಿ ಇಳಿಸಿದವರಿಗೆ ಉದ್ದದ ಕಷ್ಟವನ್ನು ವಿವರಿಸಬೇಕಾಗಿಲ್ಲ. ಆದರೆ ಕುಳ್ಳಗಿರುವವರಿಗೆ ಒಂದು ಎಚ್ಚರಿಕೆ ಅಗತ್ಯ. ಗಿಡ್ಡ ಸೈಕಲ್ಲಿನಲ್ಲಿ ಪೆಡಲು ಮುಂದಿರುವಾಗ ಹ್ಯಾಂಡಲ್ ತಿರುಗಿಸಿದರೆ ಬೂಟಿನ ತುದಿ ಮುಂಗಾಲಿಗೆ ತಾಗುವುದುಂಟು. ನಿಧಾನವಾಗಿ ತಿರುಗುವಾಗಲೇ ಇದು ಆಗುವುದು, ಆ ಹೊತ್ತಿಗೇ ಕಾಲೂರಲು ಆಗದಿರುವುದು. ಅಂಗಡಿಯಲ್ಲಿಯೇ ಬೂಟು ಹಾಕಿಕೊಂಡು ಪರೀಕ್ಷಿಸು ಎಂದು ಅವಳಿಗೆ ತಿಳಿಸಿದ್ದೇನೆ.

ಅಂಗಡಿಯ ಪರೀಕ್ಷೆಯ ವಿಚಾರದಲ್ಲಿ ನನಗೊಂದು ತಕರಾರಿದೆ. ಸೈಕಲ್ ಕೊಳ್ಳುವವರು ಅಂಗಡಿಯ ಮುಂದಿನ ಟಾರು ರಸ್ತೆಯಲ್ಲಿ ಐವತ್ತು ಮೀಟರ್ ಹೋಗಿ, ತಿರುಗಿ ಬಂದು, ತೀರ್ಪು ಕೊಟ್ಟುಬಿಡುತ್ತಾರೆ. ಆ ಐವತ್ತು ಮೀಟರಿನಲ್ಲಿ ಗಿಡ್ಡ ಸೈಕಲ್ಲೇ ಗೆಲ್ಲುತ್ತದೆ, ಗೆಲ್ಲದೆ ಇರಲಾರದು. ಬೆರಳಾಡಿಸಿದರೆ ತಿರುಗುತ್ತದೆ, ಎಳೆದರೆ ಮುಂಗಾಲಿ ಏಳುತ್ತದೆ, ಸವಾರನಿಗೆ ತನ್ನ ವಯಸ್ಸು ಇಪ್ಪತ್ತು ವರ್ಷ ಇಳಿದಂತೆ ತೋರುತ್ತದೆ. ನೀಳ ಸೈಕಲ್ಲು ಅದೇ ರಸ್ತೆಯಲ್ಲಿ ಹಡಗಿನಂತೆ ಮಂದವಾಗಿ ಹೊರಳುತ್ತದೆ. ಅಂಗಡಿಯವನಿಗೂ ಚುರುಕಾದದ್ದನ್ನು ಮಾರುವುದು ಸುಲಭ. ಆದರೆ ಮೂರು ಗಂಟೆ ಏರಿ ಬಳಲಿ, ಕೈಗಳು ನಡುಗುತ್ತಿರುವಾಗ ಇಳಿಯಬೇಕಾದ ಆ ಕೊನೆಯ ನಾಲ್ಕು ಕಿಲೋಮೀಟರನ್ನು ಯಾವ ಅಂಗಡಿಯ ಮುಂದೆಯೂ ಪರೀಕ್ಷಿಸಲಾಗದು. ಅಷ್ಟು ಹೊತ್ತಿಗೆ ಬೆರಳಾಡಿಸಿದರೆ ತಿರುಗುವ ಗುಣ ಗುಣವಾಗಿ ಉಳಿದಿರುವುದಿಲ್ಲ.

ಆದ್ದರಿಂದ ಶಿಷ್ಯೋತ್ತಮನೇ, ನೀಳದ್ದನ್ನೇ ತರಿಸು. ಅಗಲವಾದ ಟಯರು ಹಾಕಿಸು. ಗಾಳಿಯನ್ನು ಮಿತವಾಗಿ ತುಂಬಿಸು. ಕಲ್ಲು ಕಂಡಲ್ಲಿ ಸೀಟು ಬಿಟ್ಟು ಏಳು. ಮನೆಯವರಿಗೆ ಹಾಸಿಗೆಯ ಮಾತನ್ನು ಹೇಳಬೇಡ, ಅವರು ಮೊದಲ ದಿನವೇ ಕುಳಿತು ನೋಡಿ ನಗುತ್ತಾರೆ. 42 ಮತ್ತು 46ರ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸು. ಅವರು ಒಪ್ಪುವುದಾದರೆ ಅದಕ್ಕೇ ಒಪ್ಪುತ್ತಾರೆ. ಹಣ ಕಳುಹಿಸುವ ಮುನ್ನ ನಿಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನ ಒಳ ಅಳತೆಯನ್ನು ಮೂಲೆಯಿಂದ ಮೂಲೆಗೆ ತೆಗೆದುಕೋ. ಟಯರುಗಳೂ ಸೇರಿ ಆ ಸೈಕಲ್ಲು ತುದಿಯಿಂದ ತುದಿಗೆ ಸುಮಾರು 190 ಸೆಂ.ಮೀ. ಆಗುತ್ತದೆ. ಹಿಡಿಸದಿದ್ದರೆ ಪ್ರತಿ ಸಲವೂ ಮುಂಗಾಲಿ ಬಿಚ್ಚಬೇಕು, ಅಥವಾ ನಾಲ್ಕು ಮಹಡಿ ಹೊರಬೇಕು.