ನೇಪಾಳ, ಭೂತಾನ್‌ಗೆ ಆಧಾರ್ ಕಾರ್ಡ್ ತೋರಿಸಿದರೆ ಸಾಕೇ? ಅರ್ಧ ಸತ್ಯದ ಫಾರ್ವರ್ಡ್ ಮತ್ತು ಪೂರ್ತಿ ನಿಯಮ

"ನೇಪಾಳ, ಭೂತಾನ್, ಶ್ರೀಲಂಕಾ ಮೂರೂ ದೇಶಕ್ಕೆ ಭಾರತೀಯರಿಗೆ ಪಾಸ್‌ಪೋರ್ಟ್ ಬೇಡ, ವೀಸಾ ಬೇಡ. ಆಧಾರ್ ತೋರಿಸಿದರೆ ಸಾಕು. ಎಲ್ಲರಿಗೂ ಶೇರ್ ಮಾಡಿ."

ಇಂಥ ಸಂದೇಶ ನಿಮಗೂ ಬಂದಿರಬಹುದು. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ವಾಟ್ಸಾಪ್ ಗುಂಪುಗಳಿಂದ ನಮಗೂ ಬಂತು. ಪಶುಪತಿನಾಥ, ಮುಕ್ತಿನಾಥ ಯಾತ್ರೆಗೆ ಹೊರಡುವವರು ಇದನ್ನು ನಂಬಿಯೇ ಟಿಕೆಟ್ ಮಾಡಿಸುತ್ತಾರೆ. ಸಂದೇಶದಲ್ಲಿ ನಿಜವೆಷ್ಟು, ಸುಳ್ಳೆಷ್ಟು? ಒಂದೊಂದಾಗಿ ನೋಡೋಣ.

ಗಡಿ ಎಂದರೆ ನಮಗೆ ರಾಯದುರ್ಗ

ಮೊಳಕಾಲ್ಮೂರಿನಲ್ಲಿ ಬಸ್ ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಆಂಧ್ರದ ರಾಯದುರ್ಗ. ಸಂತೆಗೆ, ಆಸ್ಪತ್ರೆಗೆ, ನೆಂಟರ ಮನೆಗೆ ಜನ ದಿನವೂ ಓಡಾಡುತ್ತಾರೆ. ಯಾರೂ ಚೀಟಿ ಕೇಳುವುದಿಲ್ಲ. ಅದು ರಾಜ್ಯದ ಗಡಿ. ಭಾರತ ಮತ್ತು ನೇಪಾಳದ ನಡುವಿನ ಸುಮಾರು 1,750 ಕಿ.ಮೀ. ಗಡಿಯೂ ನೋಡಲು ಹೀಗೇ ಇದೆ. ಉತ್ತರಾಖಂಡ, ಉತ್ತರ ಪ್ರದೇಶ, ಬಿಹಾರ, ಪಶ್ಚಿಮ ಬಂಗಾಳ, ಸಿಕ್ಕಿಂ ರಾಜ್ಯಗಳ ಜನ ಕೂಲಿಗೆ, ಅಂಗಡಿಗೆ, ಮದುವೆಗೆ ಎಂದು ಆಚೀಚೆ ಹೋಗಿ ಬರುತ್ತಾರೆ. 1950ರ ಜುಲೈ 31ರಂದು ಸಹಿಯಾದ ಶಾಂತಿ ಮತ್ತು ಸ್ನೇಹ ಒಪ್ಪಂದ ಇದಕ್ಕೆ ಆಧಾರ. ಹಾಗಾಗಿ ನೇಪಾಳಕ್ಕೆ ನಮಗೆ ವೀಸಾ ಬೇಡ ಎಂಬ ಮಾತು ನಿಜ.

ಆದರೆ ವೀಸಾ ಬೇಡ ಎಂದರೆ ದಾಖಲೆಯೇ ಬೇಡ ಎಂದಲ್ಲ. ಫಾರ್ವರ್ಡ್ ಎಡವಿರುವುದು ಇಲ್ಲೇ.

ನೇಪಾಳ: ವಿಮಾನದ ಲೆಕ್ಕವೇ ಬೇರೆ

ಸುನೌಲಿ ಅಥವಾ ರಕ್ಸೌಲ್ ಗಡಿಯಲ್ಲಿ ಬಸ್ಸಿನಲ್ಲಿ ದಾಟಿದವರು "ಆಧಾರ್ ತೋರಿಸಿ ಹೋಗಿ ಬಂದೆವು" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ರಸ್ತೆ ಗಡಿಯಲ್ಲಿ ಪ್ರತಿಯೊಬ್ಬರನ್ನೂ ನಿಲ್ಲಿಸಿ ಪರಿಶೀಲಿಸುವುದಿಲ್ಲ. ಅವರ ಅನುಭವ ಫಾರ್ವರ್ಡ್ ಆಗುತ್ತಾ ಆಗುತ್ತಾ "ನಿಯಮ" ಆಗಿಬಿಡುತ್ತದೆ. ಅದೇ ನಂಬಿಕೆಯಲ್ಲಿ ಇನ್ನೊಬ್ಬರು ವಿಮಾನ ನಿಲ್ದಾಣಕ್ಕೆ ಹೋಗುತ್ತಾರೆ.

ವಿಮಾನದಲ್ಲಿ ಹೋಗುವವರಿಗೆ ನಿಯಮ ಹೀಗಿದೆ:

1. ವಯಸ್ಕರ ಬಳಿ ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗ ಕೊಟ್ಟ ಮತದಾರರ ಗುರುತಿನ ಚೀಟಿ ಇರಬೇಕು. ಮೂಲ ಪ್ರತಿಯನ್ನೇ ಒಯ್ಯಿರಿ, ಜೆರಾಕ್ಸ್ ನಂಬಿಕೊಂಡು ಹೋಗಬೇಡಿ.

2. 15 ವರ್ಷದೊಳಗಿನವರು ಮತ್ತು 65 ದಾಟಿದವರು ಆಧಾರ್ ತೋರಿಸಬಹುದು. ಕೇಂದ್ರ ಗೃಹ ಸಚಿವಾಲಯ 2019ರ ಜನವರಿಯಲ್ಲಿ ಇದನ್ನು ಸ್ಪಷ್ಟಪಡಿಸಿತು. "ಆಧಾರ್ ಸಾಕು" ಎಂಬ ಸುದ್ದಿ ಹುಟ್ಟಿದ್ದು ಇಲ್ಲಿಂದ. ವಯಸ್ಸಿನ ಮಿತಿ ಮಾತ್ರ ದಾರಿಯಲ್ಲಿ ಉದುರಿಹೋಯಿತು.

3. 15ರಿಂದ 18 ವರ್ಷದ ವಿದ್ಯಾರ್ಥಿಗಳು ನಿಗದಿತ ನಮೂನೆಯಲ್ಲಿ ಶಾಲೆಯ ಮುಖ್ಯಸ್ಥರಿಂದ ಗುರುತಿನ ಪ್ರಮಾಣಪತ್ರ ಪಡೆದು ಹೋಗಬಹುದು.

4. ಕುಟುಂಬ ಒಟ್ಟಿಗೆ ಹೊರಟರೆ ಒಬ್ಬ ವಯಸ್ಕರ ಬಳಿ ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಇದ್ದರೆ ಉಳಿದವರಿಗೆ ರಿಯಾಯಿತಿ ಇದೆ. ಆದರೆ ಅವರ ಬಳಿಯೂ ಫೋಟೊ ಇರುವ ಗುರುತಿನ ದಾಖಲೆ ಮತ್ತು ಒಂದೇ ಕುಟುಂಬದವರು ಎಂಬುದಕ್ಕೆ ಪುರಾವೆ ಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮೊಳಕಾಲ್ಮೂರಿನ ನೇಕಾರ ದಂಪತಿ ಎಂದುಕೊಳ್ಳಿ. ಯಜಮಾನರಿಗೆ 67, ಅವರ ಹೆಂಡತಿಗೆ 60. ಇಬ್ಬರೂ ಆಧಾರ್ ಮಾತ್ರ ಹಿಡಿದು ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಬರುತ್ತಾರೆ. ಯಜಮಾನರು ದಾಟಬಹುದು, ಅವರ ಹೆಂಡತಿಯನ್ನು ತಡೆಯಬಹುದು. ಮತದಾರರ ಚೀಟಿ ಊರಿನ ಮನೆಯ ಟ್ರಂಕಿನಲ್ಲಿ ಭದ್ರವಾಗಿದೆ! ಸೀರೆ ನೇಯ್ದು ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಟಿಕೆಟ್‌ನಲ್ಲೇ ಕರಗುತ್ತದೆ. ಫಾರ್ವರ್ಡ್ ಮಾಡಿದವರಿಗೆ ಇದು ಗೊತ್ತೂ ಆಗುವುದಿಲ್ಲ.

ಆಧಾರ್ ಯಾಕೆ ಆಗುವುದಿಲ್ಲ?

ಬ್ಯಾಂಕಿಗೆ, ರೇಷನ್‌ಗೆ, ಸಿಮ್‌ಗೆ ಆಗುವ ಆಧಾರ್ ಇಲ್ಲೇಕೆ ಆಗದು ಎಂದು ಹಲವರು ಕೇಳುತ್ತಾರೆ. ಉತ್ತರ ಕಾನೂನಿನಲ್ಲೇ ಇದೆ. ಆಧಾರ್ ಪೌರತ್ವದ ಪುರಾವೆಯಲ್ಲ ಎಂದು 2016ರ ಆಧಾರ್ ಕಾಯ್ದೆಯ 9ನೇ ಕಲಂ ಹೇಳುತ್ತದೆ. ಭಾರತದಲ್ಲಿ 182 ದಿನ ನೆಲೆಸಿದ ವಿದೇಶಿಯರೂ ಆಧಾರ್ ಪಡೆಯಬಹುದು. ಮತದಾನದ ಹಕ್ಕು ಇರುವುದು ಭಾರತದ ಪೌರರಿಗೆ ಮಾತ್ರ. ನೇಪಾಳದ ಜೊತೆಗಿನ ಸೌಲಭ್ಯವೂ ಪೌರರಿಗೇ ಸೇರಿದ್ದು. ಅದಕ್ಕೇ ಇಲ್ಲಿ ಮತದಾರರ ಚೀಟಿಗೆ ಬೆಲೆ.

ಇದೇ ಕಾರಣಕ್ಕೆ ಇನ್ನೊಂದು ಎಚ್ಚರಿಕೆ. ನಿಮ್ಮ ಮಗ ಅಥವಾ ಸೊಸೆ ಅಮೆರಿಕದ ಪೌರರಾಗಿದ್ದು ಒಸಿಐ ಕಾರ್ಡ್ ಹೊಂದಿದ್ದರೆ, ಆ ಕಾರ್ಡ್ ನೇಪಾಳದಲ್ಲಿ ನಡೆಯದು. ಅವರಿಗೆ ಅಮೆರಿಕದ ಪಾಸ್‌ಪೋರ್ಟೂ ಬೇಕು, ನೇಪಾಳದ ವೀಸಾವೂ ಬೇಕು.

ಭೂತಾನ್: ವೀಸಾ ಇಲ್ಲ, ಪರ್ಮಿಟ್ ಇದೆ, ಶುಲ್ಕವೂ ಇದೆ

ಭೂತಾನ್‌ಗೂ ನಮಗೆ ವೀಸಾ ಇಲ್ಲ. ಆದರೆ ಪ್ರವೇಶ ಪರ್ಮಿಟ್ ಬೇಕು. ಅದಕ್ಕೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಕೊಡಬೇಕು. ಮಕ್ಕಳಿಗೆ ಜನನ ಪ್ರಮಾಣಪತ್ರ ಜೊತೆಗಿರಲಿ.

ಫಾರ್ವರ್ಡ್‌ಗಳು ಬಾಯಿ ಬಿಡದ ಇನ್ನೊಂದು ವಿಷಯ ದುಡ್ಡು. ಕೋವಿಡ್ ನಂತರ 2022ರ ಸೆಪ್ಟೆಂಬರ್ 23ರಂದು ಭೂತಾನ್ ಪ್ರವಾಸಿಗರಿಗೆ ಮತ್ತೆ ಬಾಗಿಲು ತೆರೆಯಿತು. ಆಗಿನಿಂದ ಭಾರತದ ಪ್ರವಾಸಿಗರಿಗೂ ಒಬ್ಬರಿಗೆ ಒಂದು ರಾತ್ರಿಗೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಇದೆ. ನಾಲ್ಕು ಜನ ವಯಸ್ಕರು ಐದು ರಾತ್ರಿ ಉಳಿದರೆ ಇದೊಂದೇ 24,000 ರೂಪಾಯಿ. ಊಟ, ರೂಮು, ಗಾಡಿಯ ಖರ್ಚು ಬೇರೆ. ಟೂರ್ ಪ್ಯಾಕೇಜ್ ಅಗ್ಗವಾಗಿ ಕಂಡರೆ, ಈ ಶುಲ್ಕ ಅದರಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿ.

ಶ್ರೀಲಂಕಾ ಮತ್ತು ಕೈಲಾಸ

ಶ್ರೀಲಂಕಾದ ವಿಷಯದಲ್ಲಿ ಫಾರ್ವರ್ಡ್ ಪೂರ್ತಿ ತಪ್ಪು. ಅಲ್ಲಿಗೆ ಪಾಸ್‌ಪೋರ್ಟ್ ಬೇಕೇ ಬೇಕು. 2023ರ ನವೆಂಬರ್‌ನಲ್ಲಿ ಶ್ರೀಲಂಕಾ ಭಾರತೀಯರಿಗೆ ವೀಸಾ ಶುಲ್ಕ ಬಿಟ್ಟಾಗ "ಉಚಿತ ವೀಸಾ" ಎಂಬ ಸುದ್ದಿ ಓಡಾಡಿತು. ಉಚಿತ ವೀಸಾ ಎಂದರೆ ಶುಲ್ಕ ಇಲ್ಲ ಎಂದಷ್ಟೇ ಅರ್ಥ. ಪಾಸ್‌ಪೋರ್ಟ್ ಬೇಡ ಎಂದಲ್ಲ.

ನೇಪಾಳದ ಮೂಲಕ ಕೈಲಾಸ ಮಾನಸ ಸರೋವರಕ್ಕೆ ಹೋಗುವವರೂ ಮೋಸ ಹೋಗಬಾರದು. ಕೈಲಾಸ ಇರುವುದು ಚೀನಾದ ಆಡಳಿತದ ಟಿಬೆಟ್‌ನಲ್ಲಿ. ಪಾಸ್‌ಪೋರ್ಟ್ ಮತ್ತು ಚೀನಾದ ವೀಸಾ ಎರಡೂ ಬೇಕು. ಮತದಾರರ ಚೀಟಿ ಅಲ್ಲಿ ನಡೆಯುವುದಿಲ್ಲ.

ಹೊರಡುವ ಮುನ್ನ

ಹೆಸರು ನೋಡಿಕೊಳ್ಳಿ. ನಮ್ಮ ಕಡೆ ಮನೆಗೊಬ್ಬ ತಿಪ್ಪೇಸ್ವಾಮಿ. ಆದರೆ ಇಂಗ್ಲಿಷಿನಲ್ಲಿ ಒಂದು ಕಾರ್ಡಿನಲ್ಲಿ ಒಂದು ಸ್ಪೆಲ್ಲಿಂಗ್, ಇನ್ನೊಂದರಲ್ಲಿ ಇನ್ನೊಂದು. ಟಿಕೆಟ್ಟಿನ ಹೆಸರು ಒಯ್ಯುವ ದಾಖಲೆಯ ಹೆಸರಿಗೆ ಹೊಂದಬೇಕು. ಮತದಾರರ ಚೀಟಿಯಲ್ಲಿ ತಪ್ಪಿದ್ದರೆ ನಮೂನೆ 8 ತುಂಬಿ ತಿದ್ದಿಸಬಹುದು. ಚೀಟಿ ಕಳೆದುಹೋಗಿದ್ದರೂ ಅದೇ ನಮೂನೆ. ಸಹಾಯವಾಣಿ 1950. ಇದಕ್ಕೆ ಸಮಯ ಹಿಡಿಯುತ್ತದೆ, ಯಾತ್ರೆಯ ಹಿಂದಿನ ವಾರ ಓಡಾಡಿದರೆ ಆಗದು.

ಸ್ವಂತ ಗಾಡಿಯಲ್ಲಿ ನೇಪಾಳಕ್ಕೆ ಹೋಗುವವರು ಗಡಿಯ ಕಸ್ಟಮ್ಸ್ ಕಚೇರಿಯಲ್ಲಿ "ಭನ್ಸಾರ್" ಎಂಬ ವಾಹನ ಅನುಮತಿ ಪಡೆಯಬೇಕು. ಆರ್‌ಸಿ, ಡ್ರೈವಿಂಗ್ ಲೈಸೆನ್ಸ್ ಮೂಲ ಪ್ರತಿ ಇರಲಿ. ನೋಟಿನ ಬಗ್ಗೆಯೂ ಎಚ್ಚರ. 2018ರ ಡಿಸೆಂಬರ್‌ನಲ್ಲಿ ನೇಪಾಳ 100 ರೂಪಾಯಿಗಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿತ್ತು. ನೋಟಿನ ನಿಯಮ, ಶುಲ್ಕ, ಪರ್ಮಿಟ್ ಇವೆಲ್ಲ ಬದಲಾಗುವ ಸಂಗತಿಗಳು. ಕಠ್ಮಂಡುವಿನ ಭಾರತೀಯ ರಾಯಭಾರ ಕಚೇರಿಯ ಮತ್ತು ಭೂತಾನ್ ಪ್ರವಾಸೋದ್ಯಮ ಇಲಾಖೆಯ ಜಾಲತಾಣಗಳನ್ನು ಟಿಕೆಟ್ ಮಾಡಿಸುವ ಮುನ್ನ ನೋಡಿ.

ಕೊನೆಗೊಂದು ಮಾತು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ. ನೇಪಾಳದ ಲುಂಬಿನಿಯಲ್ಲೂ ಅವನದೇ ಶಾಸನ ಸ್ತಂಭವಿದೆ. ಅದನ್ನು ನೋಡಲು ನಮ್ಮವರು ಖಂಡಿತ ಹೋಗಬೇಕು. ಅಪ್ಪ ಅಮ್ಮನನ್ನು ಕಳಿಸುವುದಾದರೆ ಇವತ್ತೇ ಒಂದು ಕೆಲಸ ಮಾಡಿ: ಟ್ರಂಕು ತೆಗೆದು ಅವರ ಮತದಾರರ ಚೀಟಿ ಎಲ್ಲಿದೆ, ಹೆಸರು ಸರಿಯಿದೆಯೇ ನೋಡಿ. ಆಮೇಲೆ ಆ ಫಾರ್ವರ್ಡ್ ಬಂದ ಗುಂಪಿಗೇ ಸರಿಯಾದ ನಿಯಮ ತಿಳಿಸಿ.